ಚಪ್ಪಲಿ ಅಚ್ಚಿನ ತೊಟ್ಟಿಲ ಕಾರ್ಡು

ಮೀನೀ,

ಚಿಕ್ಕಮ್ಮಗ ಮೊದಲ ಕಾರ್ಡು ಕೊಡಾಕ ಸಿರುಗುಪ್ಪಕ್ಕ ಹೊಂಟೀನಿ. ನಿನ್ನ ಕೂಸು ಮಲಗಿದಾಗ ಉಳಿದ ತೊಟ್ಟಿಲ ಕಾರ್ಯದ ಕಾರ್ಡಿಗೆಲ್ಲ ಅಚ್ಚು ಒತ್ತಿಡು.

ಅಂಗಡಿಯ ಅಕ್ಷರದ ಅಚ್ಚು ದುಬಾರಿ, ಅದೂ ಬರೇ ಇಂಗ್ಲಿಷು. ಅದಕ್ಕ ಅಪ್ಪನ ಹಳೇ ಹವಾಯಿ ಚಪ್ಪಲಿ ಒಂದನ್ನ ಕೊಯ್ದು ನಿನ್ನ ಹೆಸರು ಕೆತ್ತೀನಿ. ತಿಕ್ಕಿ ತೊಳೆದೀನಿ, ಮಾರಿ ಸೊಟ್ಟ ಮಾಡಬ್ಯಾಡ. ‘ಶ್ರೀ’ ಮಾತ್ರ ಆಲೂಗಡ್ಡಿಯದು. ದೇವರ ತನಕ ಚಪ್ಪಲಿ ಒಯ್ಯುವಷ್ಟು ಧೈರ್ಯ ನನಗಿಲ್ಲ. ಫ್ರಿಜ್ಜಿನ್ಯಾಗ ಐತಿ, ಪಲ್ಯಕ್ಕ ಹಾಕೀಯ!

ಅವ್ವ ಕುರುಗೋಡಿನಿಂದ ಬರೂದರೊಳಗ ಮುಗಿಸು. ಶುಭಕಾರ್ಯಕ್ಕ ಚಪ್ಪಲಿ ಅಂತ ಗೊತ್ತಾದರ ಕಾರ್ಡೆಲ್ಲ ಒಲಿಗೆ ಹೋಗ್ತಾವ.

ಅಪ್ಪಗ ಹೇಳೀನಿ. ಬೈತಾನ ಅನಕೊಂಡಿದ್ದೆ, ಇನ್ನೊಂದು ಕಾಲಿನದೂ ತಂದುಕೊಟ್ಟು, “ಅಳಿಯಂದ್ರ ಹೆಸರು ಇದ್ರಾಗ ಕೆತ್ತವಾ” ಅಂದ. ಕೆತ್ತಿಟ್ಟೀನಿ. ನಗು ತಡಕೊಂಡು ನೆಟ್ಟಗ ಒತ್ತು.

ಅಕ್ಕ