ಪರಾತದಲ್ಲಿ ಎರಡು ದಂಡ

ಪುಣೆ,
ಸೋಮವಾರ, ೧೮ ಫೆಬ್ರುವರಿ ೨೦೦೨

ಪ್ರೀತಿಯ ನೀತಾ,

ಮೊದಲು ತಪ್ಪೊಪ್ಪಿಗೆ. ಕೆಳಗೆ ಸಹಿ ಮಾಡುವ ನಾನು, ಚನ್ನವೀರ ತಂದೆ ರಾಮಲಿಂಗಪ್ಪ, ಪೂರ್ಣ ಎಚ್ಚರದಲ್ಲಿ, ಯಾರ ಒತ್ತಾಯವೂ ಇಲ್ಲದೆ, ನೀನು ರೊಟ್ಟಿ ಹಿಟ್ಟು ನಾದುವ ಪರಾತವನ್ನು ಅಡುಗೆಮನೆಯಿಂದ ಅಪಹರಿಸಿ ಅದರಲ್ಲಿ ಎಂಜಿನ್ ಆಯಿಲ್ ತುಂಬಿದ್ದೇನೆ. ಪರಾತ ಭಾಳ ಸಂಭಾವಿತ, ಕೂಗಾಡಲಿಲ್ಲ. ಶಿಕ್ಷೆಯ ಮಾತು ನೀನು ಬಂದ ಮೇಲೆ. ಈಗ ಆರೋಗ್ಯದ ಮಾತು. ಬೆನ್ನುನೋವು ಕಡಿಮೆಯಾಯಿತೆ? ಬಾಣಂತಿಗೆಂದು ಅತ್ತೆಯವರು ಕಟ್ಟಿದ ಅಂಟಿನುಂಡಿ ನಿನ್ನ ಹೊಟ್ಟೆಗೇ ಹೋಗುತ್ತಿದೆಯೋ, ನಿನ್ನ ತಮ್ಮನ ಹೊಟ್ಟೆಗೋ? ನೀನೇ ತಿನ್ನುತ್ತಿದ್ದರೂ ಹುಷಾರು, ಅಂಟು ಹೆಚ್ಚಾಗಿ ತವರಿಗೇ ಅಂಟಿಕೊಂಡೀಯೆ. ನಮ್ಮ ಕೂಸು ಶಿವಾನಿ ಈಗ ಮುಖ ನೋಡಿ ನಗುತ್ತಾಳೆ ಎಂದು ನಿನ್ನ ತಮ್ಮ ಬರೆದಿದ್ದ. ಅವನ ಮುಖ ನೋಡಿ ನಗದವರು ಯಾರು!

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ಫೋನು ಪಡಸಾಲೆಯಲ್ಲಿದೆ, ನಾನು ಕಾರಿನ ಹೆಸರೆತ್ತಿದರೆ ಅತ್ತೆಯವರ ನಿಟ್ಟುಸಿರು ಕಲಬುರ್ಗಿಯಿಂದ ನನ್ನ ಕಿವಿಗೆ ಗಾಳಿ ಬೀಸುತ್ತದೆ. ತವರಿಗೆ ಹೊರಟ ದಿನ ನೀನು ಹೊಸ್ತಿಲಲ್ಲಿ ನಿಂತು ಹೇಳಿದ ಮಾತು ಮರೆತಿಲ್ಲ: “ಆ ದಂಡ ತಗದ್ರ, ಕೂಸಿನ್ನ ಕರಕೊಂಡು ನಾ ಆ ಗಾಡಿ ಹತ್ತಂಗಿಲ್ಲ ನೋಡ್ರಿ. ನಿಮ್ಮ ರೇಸು ನಿಮಗ, ನನ್ನ ತವರು ನನಗ.”

ದಂಡ ಎಂದರೇನು ಎಂದು ಅತ್ತೆಯವರು ಕೇಳಿದರೆ ಈ ಭಾಗ ಓದಿ ಹೇಳು. ಮುಂಬಯಿಯಿಂದ ತರಿಸಿ ನಮ್ಮ ಕೆಂಪು ಕಾರಿಗೆ ಕೂಡಿಸಿದ ಆ ಜಪಾನಿ ಎಂಜಿನ್ನಿನ ಹೊಟ್ಟೆಯಲ್ಲಿ ಬ್ಯಾಲೆನ್ಸ್ ಶಾಫ್ಟ್ ಎಂಬ ಎರಡು ದಂಡಗಳಿವೆ. ಅವು ಗಾಡಿಯನ್ನು ಒಂದು ಗೇಣೂ ಮುಂದೆ ದೂಡುವುದಿಲ್ಲ. ಪಿಸ್ಟನ್ನುಗಳು ಮೇಲೆ ಕೆಳಗೆ ಕುಣಿದಾಗ ಏಳುವ ನಡುಕವನ್ನು ತಮ್ಮ ತಿರುಗಾಟದಿಂದ ಅಳಿಸುವುದಷ್ಟೇ ಅವುಗಳ ಉದ್ಯೋಗ. ನಮ್ಮ ಜೇಜುರಿಯ ಮಾರ್ತಾಂಡ ಗೊತ್ತಲ್ಲ, ಇಲ್ಲೇ ಪುಣೆಯಲ್ಲಿ ಗ್ಯಾರೇಜು ಇಟ್ಟುಕೊಂಡು ಊರ ಗಾಡಿಗಳ ವೇಗ ಹೆಚ್ಚಿಸುವವನು, ಅವನಿಗೆ ಇವು ಕಂಡರಾಗದು. “ಅರೇ ಚನ್ನ್ಯಾ, ಘರ್‌ಜಾವಯೀ ಆಹೇತ್ ತೇ!” ಎನ್ನುತ್ತಾನೆ. ದುಡಿಯದೆ ಕೂತು ಉಣ್ಣುವ ಮನೆಯಳಿಯಂದಿರಂತೆ. ಹೊರಗೆ ಹಾಕಿದರೆ ಎಂಜಿನ್ ಹಗುರಾಗಿ ಓಡುತ್ತದಂತೆ. ಅಳಿಯನಾದ ನನಗೆ ಈ ಹೋಲಿಕೆ ಚುಚ್ಚಿದರೂ ಅವನ ಇನ್ನೊಂದು ವಾದ ಸುಳ್ಳಲ್ಲ. ದಂಡ ತಿರುಗಿಸುವ ಸಣ್ಣ ಬೆಲ್ಟು ಹರಿದರೆ ದೊಡ್ಡ ಬೆಲ್ಟಿಗೆ ಸಿಕ್ಕಿ ಇಡೀ ಎಂಜಿನ್ನೇ ಹಾಳಾದೀತು. ಹಾಗಾಗಿ, ಮಗಳ ಕ್ಷೇಮಕ್ಕಾಗಿಯೇ ತೆಗೆಸುತ್ತಿದ್ದೇನೆ ಎಂದು ನನಗೆ ನಾನೇ ವಕೀಲನಾಗಿ ವಾದಿಸಿ ಗೆದ್ದೆ. ಮುಂದಿನ ತಿಂಗಳ ಪಂದ್ಯದ ವಿಷಯವನ್ನು ವಕೀಲ ಎತ್ತಲಿಲ್ಲ.

ಹೌದು, ತೆಗೆಸಿದೆ. ಸಿಟ್ಟಾಗಬೇಡ, ಮುಂದೆ ಓದು. ಆಕ್ಸಿಲರೇಟರಿಗೆ ಕಾಲಿಟ್ಟರೆ ಗಾಡಿ ಹಾರುತ್ತಿತ್ತು. ತಳೇಗಾಂವದ ಫ್ಯಾಕ್ಟರಿಗೆ ಹೋಗಿಬಂದರೆ ಕೈ ಸಂಜೆತನಕ ಜುಮ್ಮೆನ್ನುತ್ತಿತ್ತು. ಅದು ಉತ್ಸಾಹ ಎಂದುಕೊಂಡೆ. ಆ ಭ್ರಮೆ ಬಿಡಿಸಿದವರು ಅಪ್ಪ. ನಿನ್ನೆಯ ಹಿಂದಿನ ಭಾನುವಾರ ಮೊಮ್ಮಗಳ ಹೆಸರಿನ ಹರಕೆ ತೀರಿಸಲು ಅವರನ್ನು ಜೇಜುರಿಗೆ ಕರೆದೊಯ್ದಿದ್ದೆ. ಹಿಂದಿರುಗುವಾಗ ದಿವೇಘಾಟ್ ಇಳಿಯಲು ಕೆಳಗಿನ ಗೇರಿಗೆ ಹಾಕಿದೆ, ಎಂಜಿನ್ ಕೂಗಿತು, ಕಾರಿಗೆ ಮೈಮೇಲೆ ದೇವರು ಬಂತು. ಅಪ್ಪನ ತೊಡೆಯ ಮೇಲಿದ್ದ, ಗುಡಿಯ ಭಂಡಾರದ ಪುಡಿಯ ಪೊಟ್ಟಣ ತಾನೇ ಬಿಚ್ಚಿಕೊಂಡು ನಮ್ಮಿಬ್ಬರಿಗೂ ಅರಿಶಿನ ಹಚ್ಚಿತು. ನನ್ನ ಮದುವೆಯಲ್ಲೂ ಅಷ್ಟು ಹಚ್ಚಿರಲಿಲ್ಲ. ಅಪ್ಪ ಮೆಲ್ಲಗೆ ಹಲ್ಲಿನ ಸೆಟ್ಟು ತೆಗೆದು ಕರ್ಚೀಫಿನಲ್ಲಿ ಕಟ್ಟಿಕೊಂಡರು: “ಮನೀಗೆ ಹ್ವಾದಮ್ಯಾಲ ಹಾಕ್ಕೋತೀನೋ ಚನ್ನಾ. ಇಲ್ಲಿ ಇವು ನನ್ನ ಕೇಳಲಾರದನ ಮಾತಾಡ್ಲಿಕ್ಕೆ ಹತ್ಯಾವ.” ನಾನು ನಕ್ಕೆ. ಅವರು ನಗಲಿಲ್ಲ. ಹಡಪ್ಸರ ಬಂದಾಗ, “ಕೂಸಿನ ನೆತ್ತಿ ಇನ್ನಾ ಮೆತ್ತಗಿರತದ. ಇದರಾಗ ತರಾಂವೇನು ನೀ?” ಎಂದರು.

ನನ್ನ ವಕೀಲ ಅಲ್ಲಿಗೇ ಕೇಸು ಬಿಟ್ಟುಕೊಟ್ಟ. ನೀನಿಲ್ಲದ ಈ ಮನೆಯಲ್ಲಿ ನಾನೂ ಅಪ್ಪನೂ ಚಹಾದ ಸಕ್ಕರೆಗೆ, ಫ್ಯಾನಿನ ಗಾಳಿಗೆ, ಬಾಗಿಲ ಚಿಲಕಕ್ಕೆ ಗಡಗಡ ಅಂದುಕೊಂಡೇ ಇದ್ದೇವೆ. ಮೊದಲೂ ಹೀಗೇ ಇದ್ದೆವೇನೋ. ನಡುವೆ ನೀನು ಅತ್ತ ಒಂದು ಮಾತು, ಇತ್ತ ಒಂದು ಮಾತು ತಿರುಗಿಸಿ ಅಳಿಸುತ್ತಿದ್ದೆ, ನಮಗೆ ಸದ್ದು ಕೇಳಿರಲಿಲ್ಲ. ದಂಡ ಹೊರಗೆ ಬಂದಮೇಲೆಯೇ ಅದು ದಂಡವಲ್ಲ ಎಂದು ತಿಳಿಯುವುದು ನಮ್ಮ ಕುಲದ ಬುದ್ಧಿ.

ಆದ್ದರಿಂದ ಕೇಳು: ಪರಾತದಲ್ಲಿ ಮಿಂದು ಶುದ್ಧರಾದ ಎರಡೂ ದಂಡಗಳನ್ನು ನಿನ್ನೆ ಹೊಸ ಬೆಲ್ಟಿನೊಂದಿಗೆ ಮತ್ತೆ ಒಳಗೆ ಕೂಡಿಸಿದೆ. ಮಾರ್ತಾಂಡನ ಕೈ ಸೋಕಿಲ್ಲ. ಮನೆಯಳಿಯಂದಿರನ್ನು ಹೊರಹಾಕಿದವನಿಗೆ ಒಳಗೆ ಕರೆಯುವ ಹಕ್ಕಿಲ್ಲ ಎಂದು ಅವನನ್ನು ದೂರ ನಿಲ್ಲಿಸಿ, ಇಂಜಿನಿಯರಿಂಗ್ ಓದಿದ ಈ ಕೈಗಳಿಂದಲೇ ಎಲ್ಲ ಮಾಡಿದೆ. ಬಾನೆಟ್ಟಿನ ಮೇಲೆ ಒಂದು ರೂಪಾಯಿಯ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿದೆ. ನಿಂತಿತು ನೀತಾ, ಮದುವೆಯ ಫೋಟೋದಲ್ಲಿ ನಿನ್ನ ಸೋದರಮಾವ ನಿಂತ ಹಾಗೆ! ಶನಿವಾರ ಕಾರಿನಲ್ಲೇ ಬರುತ್ತೇನೆ. ಕೂಸು ನಿದ್ದೆಯಲ್ಲೇ ಪುಣೆ ತಲುಪಬೇಕು.

ಅತ್ತೆ ಮಾವಂದಿರಿಗೆ ನಮಸ್ಕಾರ, ಉಂಡಿ ತಿಂದವನಿಗೆ ಒಂದು ಗುದ್ದು, ಶಿವಾನಿಯ ಆ ಮೆತ್ತನೆಯ ನೆತ್ತಿಗೆ ಅಜ್ಜನ ಭಂಡಾರವೂ ನನ್ನ ಮುತ್ತೂ.

ನಿನ್ನವನೇ ಆದ
ಚನ್ನವೀರ

ತಾ.ಕ.: ಲಕೋಟೆ ಅಂಟಿಸುವ ಮೊದಲು ಒಂದು ಮಾತು; ಇದನ್ನು ಅತ್ತೆಯವರಿಗೆ ಓದಿ ಹೇಳಬೇಡ. ನಾಣ್ಯ ನಿಂತದ್ದು ಖರೆ. ಆಗ ಎಂಜಿನ್ ಬಂದ್ ಇತ್ತು. ಈಗ ಚಾಲೂ ಮಾಡಿದೆ: ನಾಣ್ಯ ಗಟಾರಕ್ಕೆ ಹೋಯಿತು, ಎದುರುಮನೆಯ ನಾಯಿ ಒಳಗೆ ಹೋಯಿತು. ಹೊರಗೆ ಬೆಲ್ಟಿನ ಗುರುತು ಸರಿಯಾಗಿಯೇ ಕೂಡಿಸಿದ್ದೆ, ಆದರೆ ಮಾರ್ತಾಂಡ ಬಂದು ನೋಡಿ ಹೇಳಿದ ಹಾಗೆ, ಒಳಗೆ ಒಂದು ದಂಡ ಅರ್ಧ ಸುತ್ತು ತಪ್ಪಿದೆ. ಎಂಜಿನ್ನಿನ ಪಕ್ಕದ ತೂತಿನಲ್ಲಿ ಸ್ಕ್ರೂಡ್ರೈವರ್ ತೂರಿಸಿ ದಂಡ ಸರಿಯಾಗಿ ಕೂತಿದೆಯೇ ಎಂದು ನೋಡಬೇಕಿತ್ತು, ನೋಡಲಿಲ್ಲ. ನಡುಕ ಅಳಿಸಬೇಕಾದದ್ದೇ ಈಗ ನಡುಕದ ಪಾರ್ಟಿ ಸೇರಿದೆ, ದಂಡ ಇಲ್ಲದಾಗಲೇ ಗಾಡಿ ನೆಟ್ಟಗಿತ್ತು. ಮಾರ್ತಾಂಡ ನೆಲದ ಮೇಲೆ ಕೂತು ನಕ್ಕು, ಆಮೇಲೆ ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಶನಿವಾರ ನಾನು ರೈಲಿಗೆ ಬರುತ್ತೇನೆ, ಮೂವರೂ ರೈಲಿಗೇ ಬರೋಣ. ತವರಿನಿಂದ ಒಂದು ಪರಾತ ತಾ. ನಮ್ಮದು ಮತ್ತೆ ಗ್ಯಾರೇಜಿಗೆ ಹೋಗಿದೆ.