ಕೆಂಪು ಶಾಯಿಯ ‘ಕ್ರಮವಿಲ್ಲ’

ಗುರುವಾರ, ನವೆಂಬರ್ 13.

ಸೋಮವಾರ ಚೂಟಿಯ ಉತ್ತರಪತ್ರಿಕೆಯ ಮೇಲೆ ಕೆಂಪು ಶಾಯಿಯಲ್ಲಿ ‘ಕ್ರಮವಿಲ್ಲ’ ಎಂದು ಬರೆದೆನಲ್ಲ, ಆ ಪದ ಈಗ ನನ್ನನ್ನೇ ಕೊರೆಯುತ್ತಿದೆ. ಉತ್ತರ ಸರಿಯಿತ್ತು, ಅವಳು ನಡೆದ ದಾರಿ ನನಗೆ ಹೊಸದಾಗಿತ್ತು, ಅಷ್ಟೆ. ಇಂದು ಸಂಜೆ ಗಣಿತ ಬಿಡುವ ಅರ್ಜಿ ಹಿಡಿದು ಬಂದಳು.

ಸಹಿ ಹಾಕುವ ಮುನ್ನ ಎರಡರ ವರ್ಗಮೂಲವನ್ನು ಹಲಗೆಯ ಮೇಲೆ ದಶಮಾಂಶದಲ್ಲಿ ಬರೆದೆ: 1.41421356…

“ಇದರಲ್ಲಿ ಕ್ರಮ ಕಾಣುತ್ತೇನಮ್ಮಾ?”

“ಇಲ್ಲ ಮೇಷ್ಟ್ರೇ. ಇದೂ ನನ್ನ ಹಾಗೇ ಅಡ್ಡಾದಿಡ್ಡಿ.”

“ಸರಿ, ಪೂರ್ಣಾಂಕ ತೆಗೆದಿಡು. ಉಳಿದಿದ್ದರಿಂದ ಒಂದನ್ನ ಭಾಗಿಸು. ಹಾಗೇ ಮಾಡ್ತಾ ಹೋಗು.”

ಮೊದಲು ಒಂದು ಬಂತು. ಆಮೇಲೆ ಎರಡು, ಮತ್ತೆ ಎರಡು, ಮತ್ತೂ ಎರಡು. ಒಂದರ ಕೆಳಗೊಂದು ಭಿನ್ನರಾಶಿ ಸೇರುತ್ತಾ ಸತತ ಭಿನ್ನರಾಶಿ ಮೆಟ್ಟಿಲು ಮೆಟ್ಟಿಲಾಗಿ ಹಲಗೆಯ ಅಂಚಿಗಿಳಿಯಿತು.

“ಕೊನೇವರೆಗೂ ಎರಡೇನಾ?”

“ಕೊನೆ ಅಂತ ಇದ್ದರೆ ತಾನೇ!”

ನಕ್ಕಳು. ಆಮೇಲೆ ಮೆಲ್ಲಗೆ ಅಂದಳು: “ಹಾಗಾದ್ರೆ ಕ್ರಮ ಮೊದಲಿಂದ್ಲೂ ಇತ್ತು. ಆ ಬರವಣಿಗೇಲಿ ಕಾಣ್ತಿರ್ಲಿಲ್ಲ, ಅಲ್ವಾ?”

ಸಹಿ ಹಾಕದೆಯೇ ಅರ್ಜಿಯನ್ನು ಅವಳ ಕೈಗೆ ಮರಳಿಸಿದೆ.

ಅವಳು ಅದನ್ನು ಹರಿಯಲಿಲ್ಲ, ಮಡಚಿ ಚೀಲಕ್ಕೆ ಹಾಕಿಕೊಂಡಳು. ನಾಳೆ ಆ ಉತ್ತರಪತ್ರಿಕೆಯನ್ನು ಮರಳಿ ಕೇಳಬೇಕು. ‘ಕ್ರಮವಿಲ್ಲ’ ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ನನಗೆ ಕಾಣಲಿಲ್ಲ’ ಎಂದು ಬರೆಯಬೇಕು. ಅದೇ ಕೆಂಪು ಶಾಯಿಯಲ್ಲಿ, ಅದಕ್ಕಿಂತ ದಪ್ಪ ಅಕ್ಷರದಲ್ಲಿ, ಅವಳ ಎದುರಿಗೇ.