ಸಾತಪ್ಪ ಕಾಕಾ ಈಗ ಹೊರಗೆ ಮಲಗುವುದಿಲ್ಲ

೮ ಏಪ್ರಿಲ್ ೨೦೨೫, ಮಂಗಳವಾರ

ಸಾತಪ್ಪ ಕಾಕಾನ ಮುಖ ಕಣ್ಣ ಮುಂದಿನಿಂದ ಸರಿಯುತ್ತಲೇ ಇಲ್ಲ.

ನಲವತ್ತು ವರ್ಷ ಕುರಿಗಳ ಜೊತೆ ಬಯಲಲ್ಲೇ ಮಲಗಿದ ಮನುಷ್ಯ. ಭೂಮಿ ಚಪ್ಪಟೆ ಎಂದು ನಮ್ಮೂರು ಸೊರಡಿಯ ವಾಟ್ಸಾಪ್ ಗ್ರೂಪಿನಲ್ಲಿ ತಿಂಗಳಿಡೀ ವಾಯ್ಸ್ ಮೆಸೇಜ್ ಹಾಕಿ ವಾದಿಸಿದರು. ವಿಜ್ಞಾನ ಕಲಿಸುವವಳು ನಾನು, ಬಿಡುತ್ತೇನೆಯೇ? ಕೊನೆಗೆ, ದುಂಡನೆಯ ಭೂಮಿ ಕತ್ತಲಲ್ಲಿ ತಿರುಗುವ ವಿಡಿಯೊ ಹಾಕಿದೆ. ಅವರು ಸುಮ್ಮನಾದರು. ಗೆದ್ದೆ ಎಂದು ಹಿಗ್ಗಿದೆ.

ಇವತ್ತು ಅವರ ಹೆಂಡತಿ ಯಲ್ಲವ್ವ ಶಾಲೆಗೇ ಬಂದರು.

"ಅಕ್ಕಾರ, ಅವರು ಈಗ ಹೊರಗ ಮಲಗೂದಿಲ್ರಿ. ಆಕಾಶದಾಗ ಬೀಳ್ತೀನಿ ಅಂತ ಭಾಳ ಅಂಜತಾರ. ಬಂದು ಒಂದು ಸುಳ್ಳರ ಹೇಳ್ರಿ."

ಹೋದೆ. ಮಧ್ಯಾಹ್ನದ ಹೊತ್ತಲ್ಲೂ ಕಾಕಾ ಒಳಕೋಣೆಯಲ್ಲೇ ಕುಳಿತಿದ್ದರು. ಕುರಿಗಳು ಹಟ್ಟಿಯಲ್ಲಿ ಒದರುತ್ತಿದ್ದವು. ಭೂಮಿ ನಮ್ಮನ್ನೆಲ್ಲ ತನ್ನ ಕಡೆಗೆ ಎಳೆದು ಹಿಡಿದಿರುತ್ತದೆ ಎಂದು ವಿವರಿಸಿದೆ.

"ಅದು ಕೈ ಬಿಟ್ರ?"

"ಬಿಡೂದಿಲ್ರಿ ಕಾಕಾ."

"ಹಂಗಂತ ಯಾರು ಮಾತು ಕೊಟ್ಟಾರ್ರಿ?"

ಯಲ್ಲವ್ವ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

"ನೀವು ಹೇಳಿದ್ದ ಖರೆರಿ. ನೆಲಾ ಚಪ್ಪಟಿನ ಐತಿ," ಎಂದುಬಿಟ್ಟೆ.

ಕಾಕಾ ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ, ಮರುಕವಿತ್ತು. ಆಮೇಲೆ ಮೆಲ್ಲಗೆ ಕೇಳಿದರು:

"ನಿಮಗೂ ಅಂಜಿಕಿ ಬಂದೈತೇನ್ರಿ ಅಕ್ಕಾರ?"

ಶಾಲೆಗೆ ಹೊತ್ತಾಯಿತೆಂದು ಎದ್ದು ಬಂದೆ.

ಈಗ ರಾತ್ರಿ. ಸೆಖೆಯೆಂದು ತಂಗಿ ಶೈಲಾ ಮಾಳಿಗೆಯ ಮೇಲೆ ಹಾಸಿಗೆ ಹಾಸಿ ಎರಡು ಸಲ ಕರೆದಳು. ಬಂದೆ ಎಂದೆ. ಇನ್ನೂ ಕೆಳಗೆ ಕೋಣೆಯಲ್ಲೇ ಇದ್ದೇನೆ. ಮೆಟ್ಟಿಲು ಹತ್ತಿ ಮೇಲೆ ನೋಡಲು ಯಾಕೋ ಅಂಜಿಕೆ.